ಫೈಲಿನ ಮೇಲಿನ ಸಾಲು

ಅತ್ತೆ ತಾರಾಬಾಯಿಯ ಎದುರು ಕೂತು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದ ಶೈಲಾ ಮತ್ತೊಮ್ಮೆ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂವರೆ. ಆರು ಗಂಟೆಯೊಳಗೆ ಧಾರವಾಡದ ಮಲ್ಲೇಶ ಒಪ್ಪಿಗೆ ಕೊಡದಿದ್ದರೆ ಅವಳ ಎಂಟು ತಿಂಗಳ ಕೆಲಸ ಇನ್ನು ಎರಡು ವರ್ಷ ಬಾಗಿಲ ಹೊರಗೇ ಉಳಿಯುತ್ತಿತ್ತು.

ಅದು ಕನ್ನಡ ಓದಿ ಹೇಳುವ ಸಾಫ್ಟ್‌ವೇರು. ಪರದೆಯ ಮೇಲಿನ ಅಕ್ಷರಗಳನ್ನು ಕಂಪ್ಯೂಟರು ಗಟ್ಟಿಯಾಗಿ ಓದುತ್ತದೆ. ಚಿಕ್ಕೋಡಿಯಲ್ಲಿ ಕಣ್ಣು ಕಾಣದ ಹುಡುಗಿಯರಿಗೆ ಪಾಠ ಹೇಳುವ ಸುಗಂಧಾ ಟೀಚರು ಅದಕ್ಕಾಗಿ ವರ್ಷದಿಂದ ಕಾಯುತ್ತಿದ್ದರು; ತಮ್ಮ ಕಂಪ್ಯೂಟರುಗಳು ಹಿಂದಿ ಓದುತ್ತವೆ, ಕನ್ನಡ ಬಂದ ಕೂಡಲೇ ಮೂಕವಾಗುತ್ತವೆ ಎಂದು ಫೋನಿನಲ್ಲಿ ನಗುತ್ತಲೇ ಹೇಳಿದ್ದರು. ಶೈಲಾ ಸೇರಿಕೊಂಡಿದ್ದ ಗುಂಪಿನವರು ಇಂಥ ಸಾವಿರಾರು ಸಾಫ್ಟ್‌ವೇರುಗಳನ್ನು ಒಟ್ಟು ಕಟ್ಟಿ, ಎರಡು ವರ್ಷಕ್ಕೊಮ್ಮೆ ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದರು. ಹಂಚುವ ಮೊದಲು ಒಂದೊಂದು ಫೈಲನ್ನೂ ತೆರೆದು, ಬರೆದವರು ಯಾರು, ಯಾವ ಪರವಾನಿಗೆಯ ಮೇಲೆ ಕೊಟ್ಟಿದ್ದಾರೆ ಎಂದು ನೋಡಿ ಬರೆದಿಡಬೇಕು. ಒಂದೇ ಒಂದು ಫೈಲಿಗೆ ಪರವಾನಿಗೆ ಇಲ್ಲದಿದ್ದರೂ ಆ ಇಡೀ ಸಾಫ್ಟ್‌ವೇರು ಹೊರಗೆ.

ರೊಟ್ಟಿ ಬಡಿದ ಮೇಲೆ, ಎಮ್ಮೆಗೆ ಹಿಂಡಿ ಇಟ್ಟ ಮೇಲೆ, ಮಗಳು ಮಲಗಿದ ಮೇಲೆ ಎಂದು ಶೈಲಾ ನಾಲ್ಕುನೂರ ಹನ್ನೆರಡು ಫೈಲು ತೆರೆದಿದ್ದಳು.

"ಪುಕ್ಕಟ ಕೊಡೂದಕ್ಕ ಇಷ್ಟ ಕಾಗದ ಯಾಕ ಬೇ?" ಎಂದು ತಾರಾಬಾಯಿ ಒಮ್ಮೆ ಕೇಳಿದ್ದಳು. "ಸಾಂಗಲಿ ಯಾಪಾರಿ ಲಕ್ಷ ರೂಪಾಯಿ ದ್ರಾಕ್ಷಿ ಮಣೂಕ ಒಯ್ತಾನ, ಅಂವನೂ ಇಷ್ಟ ಕೇಳಂಗಿಲ್ಲ."

ತಪ್ಪು ಸಿಕ್ಕಿದ್ದು ಸೋಮವಾರ. ಕನ್ನಡದ ಅಕ್ಷರಗಳನ್ನು ಉಚ್ಚಾರಕ್ಕೆ ಬದಲಿಸುವ ಫೈಲು; ಅದಿಲ್ಲದಿದ್ದರೆ ಉಳಿದ ನಾಲ್ಕುನೂರ ಹನ್ನೊಂದೂ ಬಾಯಿ ಬಿಡುವುದಿಲ್ಲ. ಅದರ ಮೇಲಿನ ಸಾಲಿನಲ್ಲಿ ಹೀಗಿತ್ತು: ಸೀಮಾ ಮುರಗೆಪ್ಪ ಚೌಗಲಾ, ಎಲ್ಲ ಹಕ್ಕು ಕಾಯ್ದಿರಿಸಲಾಗಿದೆ. ಎಂದರೆ ಬರೆದವರ ಒಪ್ಪಿಗೆ ಇಲ್ಲದೆ ಯಾರೂ ಹಂಚುವಂತಿಲ್ಲ.

ಆ ಸಾಲು ಬರೆದದ್ದು ಶೈಲಾಳೇ; ಸೀಮಾ ಅವಳ ತವರಿನ ಹೆಸರು. ಇಂಜಿನಿಯರಿಂಗಿನ ಕೊನೆಯ ವರ್ಷ, ಹಾಸ್ಟೆಲಿನ ಮಂಚದ ಮೇಲೆ ಕೂತು. ಪ್ರಾಜೆಕ್ಟಿನ ಮೇಲೆ ಎಲ್ಲರೂ ಹಾಗೆ ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರು, ಬರೆದಿದ್ದಳು. ಆಮೇಲೆ ಯಾರೋ ಅದನ್ನು ಎತ್ತಿಕೊಂಡು ಈ ಸಾಫ್ಟ್‌ವೇರಿನೊಳಗೆ ಸೇರಿಸಿದ್ದರು. ಇಷ್ಟು ವರ್ಷ ಯಾರೂ ಮೇಲಿನ ಸಾಲು ನೋಡಿರಲಿಲ್ಲ.

ಸೀಮಾ ಎನ್ನುವ ಹೆಸರು ಐನಾಪುರದ ಈ ಮನೆಯ ಹೊಸ್ತಿಲ ಹೊರಗೇ ಉಳಿದಿತ್ತು. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಗಂಡ ಅಮೋಲ ಉಂಗುರದಿಂದ ಶೈಲಾ ಎಂದು ಬರೆದಿದ್ದ. ಈ ಕಡೆ ಸೊಸೆಯ ಹೆಸರು ಬದಲಿಸುವುದು ಹೊಸದೇನಲ್ಲ, ಆದರೆ ಇಲ್ಲಿ ಕಾರಣ ಬೇರೆ ಇತ್ತು. ತಾರಾಬಾಯಿಯ ಒಬ್ಬಳೇ ಮಗಳು ಹತ್ತೊಂಬತ್ತಕ್ಕೇ ಜ್ವರದಲ್ಲಿ ಹೋಗಿದ್ದಳು. ಅವಳ ಹೆಸರೂ ಸೀಮಾ. ಪಡಸಾಲೆಯ ಗೋಡೆಯ ಮೇಲೆ ಅವಳ ಫೋಟೊ ಇತ್ತು. ಅಂದಿನಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಆಧಾರಿನಿಂದ ಹಿಡಿದು ರೇಷನ್ ಕಾರ್ಡಿನವರೆಗೆ ಶೈಲಾ ಎಲ್ಲ ಕಡೆ ಶೈಲಾ ಆಗಿದ್ದಳು. ಅತ್ತೆಯ ಮುಖ ನೋಡಿ, ಆಗ ಅದು ಅವಳಿಗೆ ದೊಡ್ಡದೆನಿಸಿರಲಿಲ್ಲ.

"ನಿನ್ನ ಹೆಸರ ನೀನ ಅಳಿಸಿದ್ರ ಯಾರ ಕೇಳ್ತಾರ?" ಎಂದಿದ್ದ ಅಮೋಲ, ತಗ್ಗಿದ ದನಿಯಲ್ಲಿ.

ಹಾಗೆ ಅಳಿಸುವವರನ್ನು ಹಿಡಿಯುವುದಕ್ಕೇ ತಾನು ಕೂತಿರುವುದು ಎಂದು ಅವನಿಗೆ ಹೇಗೆ ಹೇಳುವುದು? ಇದ್ದುದನ್ನು ಇದ್ದಂತೆ, ಗುಂಪಿನ ಪರವಾಗಿ ಕೊನೆಯ ಒಪ್ಪಿಗೆ ಕೊಡುವ ಮಲ್ಲೇಶನಿಗೆ ಬರೆದಳು. ಹಾಗಿದ್ದರೆ ಸೀಮಾ ಚೌಗಲಾ ಎಂಬ ಹೆಸರಿನಿಂದಲೇ ಒಪ್ಪಿಗೆ ಬರಬೇಕು ಎಂದು ಅವನು ಉತ್ತರಿಸಿದ. ಆ ಹೆಸರಿನ ಹಳೆಯ ಮೇಲ್ ವಿಳಾಸ ಸತ್ತುಹೋಗಿತ್ತು. ಆ ಫೈಲನ್ನೇ ಹೊಸದಾಗಿ ತಾನೇ ಬರೆದುಕೊಡುತ್ತೇನೆ ಎಂದರೆ ಅದಕ್ಕೂ ಬಿಡಲಿಲ್ಲ: ಹಳೆಯದನ್ನು ಬಲ್ಲವರು ಬರೆದದ್ದು ಹೊಸದಾಗುವುದಿಲ್ಲವಂತೆ. ಕಡೆಗೆ ಶುಕ್ರವಾರ ವಿಡಿಯೊ ಕರೆಯಲ್ಲಿ ಗುರುತು ತೋರಿಸಿ ಒಪ್ಪಿಗೆ ಹೇಳುವುದು ಎಂದಾಯಿತು. ಮಧ್ಯಾಹ್ನ ಮೂರಕ್ಕೆ, ಅತ್ತೆ ಮಲಗಿರುವ ಹೊತ್ತಿಗೆ ಎಂದು ಶೈಲಾ ಕೇಳಿಕೊಂಡಿದ್ದಳು.

ಮೂರಕ್ಕೆ ಕರೆ ಬರಲಿಲ್ಲ. ಬಂದದ್ದು ಐದೂವರೆಗೆ.

ಲ್ಯಾಪ್‌ಟಾಪಿನ ಬ್ಯಾಟರಿ ಹೋಗಿ ವರ್ಷವಾಗಿತ್ತು. ಪಡಸಾಲೆಯ ಮೂಲೆಯಲ್ಲಿ, ಫೋಟೊದ ಕೆಳಗಿನ ಪ್ಲಗ್ಗಿಗೆ ಚುಚ್ಚಿದರೆ ಮಾತ್ರ ಅದು ನಡೆಯುತ್ತಿತ್ತು. ಶೈಲಾ ಅತ್ತೆಗೆ ಬೆನ್ನು ಮಾಡಿ ಕೂತಳು. ಹಳೆಯ ಹೆಸರಿನ ಮಾರ್ಕ್ಸ್ ಕಾರ್ಡನ್ನು ಪರದೆಗೆ ಹಿಡಿದಳು, ಆಮೇಲೆ ಹೊಸ ಹೆಸರಿನ ಆಧಾರನ್ನು; ಹುಟ್ಟಿದ ದಿನ ಎರಡರಲ್ಲೂ ಒಂದೇ.

"ಎರಡೂ ಕಂಡೂರಿ," ಎಂದ ಮಲ್ಲೇಶ. "ಈಗ ನಿಮ್ಮ ಬಾಯಿಲೆ ಹೇಳ್ಬೇಕು. ಫೈಲ್ ಬರದವ್ರು ಯಾರು, ನಮ್ಮ ಪರವಾನಿಗಿ ಮ್ಯಾಲ ಕೊಡಾಕ ಒಪ್ಪಿಗಿ ಐತೋ ಇಲ್ಲೋ."

"ನಾನ ಬರದೀನ್ರಿ. ಒಪ್ಪಿಗಿ ಐತ್ರಿ."

"ನಾನ ಅಂದ್ರ ಹೆಂಗ್ರಿ ಅಕ್ಕಾರ? ಹೆಸರ ಹೇಳ್ರಿ. ಈ ರೆಕಾರ್ಡಿಂಗ್ ನಾಳೆ ಇನ್ನೊಬ್ರು ಕೇಳಿ ನೋಡ್ತಾರ."

"ಆ ಸಾಲಿನ್ಯಾಗ ಇರೂ ಹೆಸರ ನಂದರಿ."

ಮಲ್ಲೇಶ ನಕ್ಕ. "ಗಂಡನ ಹೆಸರ ಕೇಳಾಕತ್ತಿಲ್ರಿ ನಾ. ನಿಮ್ಮ ಹೆಸರರಿ."

 ಹಿಂದೆ, ಬುಟ್ಟಿಗೆ ಒಂದೊಂದಾಗಿ ಬೀಳುತ್ತಿದ್ದ ದ್ರಾಕ್ಷಿಕಾಳಿನ ಸಪ್ಪಳ ನಿಂತಿತ್ತು. ಆರಕ್ಕೆ ಇನ್ನು ಇಪ್ಪತ್ತು ನಿಮಿಷ. ವೈರು ಎಷ್ಟು ಎಳೆದರೂ ಬಾಗಿಲವರೆಗೆ ಮುಟ್ಟುವಂತಿರಲಿಲ್ಲ.

"ಹೇಳ ಬೇ," ಎಂದಳು ತಾರಾಬಾಯಿ ಹಿಂದಿನಿಂದ. "ನಿನ್ನ ಹೆಸರ ನನಗ ಗೊತ್ತಿಲ್ಲೇನು?"

ಶೈಲಾ ತಿರುಗಲಿಲ್ಲ. ಪರದೆಯ ಮೂಲೆಯಲ್ಲಿ ತನ್ನ ಮುಖ ಸಣ್ಣದಾಗಿ ಕಾಣುತ್ತಿತ್ತು. ಅದಕ್ಕೇ ಹೇಳುವವಳಂತೆ, "ಸೀಮಾ," ಎಂದಳು. "ಸೀಮಾ ಮುರಗೆಪ್ಪ ಚೌಗಲಾ." ಉಳಿದದ್ದನ್ನೂ ಹೇಳಿದಳು: ಫೈಲು ತನ್ನದು, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ.

ಐದು ಐವತ್ತೆರಡಕ್ಕೆ ಸಾಫ್ಟ್‌ವೇರಿನ ಹೆಸರಿನ ಮುಂದೆ ಒಪ್ಪಿಗೆಯ ಹಸಿರು ಗುರುತು ಬಿತ್ತು. ಸುಗಂಧಾ ಟೀಚರಿಗೆ ಫೋನು ಮಾಡಬೇಕೆಂದುಕೊಂಡಳು, ಮಾಡಲಿಲ್ಲ.

"ಎಮ್ಮಿಗಿ ನೀರ ತೋರ್ಸು ಶೈಲಾ," ಎಂದಳು ತಾರಾಬಾಯಿ. ದನಿ ದಿನದಂತೆಯೇ ಇತ್ತು.

"ಹೂಂ, ಅತ್ಯಾರ."

ಅವಳು ಎಮ್ಮೆಗೆ ನೀರು ಕುಡಿಸಿ, ಕೈ ತೊಳೆದು ಒಳಗೆ ಬಂದಾಗ ಅತ್ತೆ ಅದೇ ಜಾಗದಲ್ಲಿ, ತಲೆ ತಗ್ಗಿಸಿ ಕೂತಿದ್ದಳು. ಬೆರಳುಗಳು ಎಡೆಬಿಡದೆ ಆಡುತ್ತಿದ್ದವು. ಆರಿಸಿದ ಕಾಳು, ಕಡ್ಡಿ, ಕೆಟ್ಟ ಕರಿ ಕಾಳು ಎಲ್ಲ ಒಂದೇ ಬುಟ್ಟಿಗೆ ಬೀಳುತ್ತಿದ್ದವು.

ಶೈಲಾ ದೀಪ ಹಾಕಿ ಎದುರು ಕೂತು, ಆ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮೊದಲಿನಿಂದ ಆರಿಸತೊಡಗಿದಳು.