ಹಾಡಿನ ಅಡಿಯಲ್ಲಿದ್ದ ದನಿ

ಗುಂಡ್ಲುಪೇಟೆಯ ಸ್ಟುಡಿಯೊ ಗುರುಸ್ವಾಮಿಯ ಮುಂದೆ ಯಾರೇ ಏನನ್ನೇ ಹೇಳಹೊರಟರೂ ಅದು ಸಲೀಸಾಗಿ ಮುಗಿಯುವುದಿಲ್ಲ. ನಡುವೆ ಎಲ್ಲೋ ತೋರುಬೆರಳೆತ್ತಿ, "ಒಸಿ ಇಂದಕ್ಕೋಗಿ, ಅಲ್ಲಿಂದ ಯೋಳಿ" ಅನ್ನುತ್ತಾನೆ. ಇದಕ್ಕೆ ರೋಸಿಹೋದ ಹೆಂಡತಿ, ಮುಖ್ಯವಾದ ಮಾತುಗಳನ್ನೆಲ್ಲ ಆತ ಬಾಯಿತುಂಬ ಅನ್ನ ಇಟ್ಟುಕೊಂಡಿರುವಾಗಲೇ ಹೇಳಿ ಮುಗಿಸುತ್ತಾಳೆ. ಬಹುಕಾಲ ಮದುವೆಗಳ ವಿಡಿಯೊ ತೆಗೆದು, ಈಗ ಆ ಹಳೆಯ ಕ್ಯಾಸೆಟ್ಟುಗಳನ್ನೇ ಕಂಪ್ಯೂಟರಿಗೆ ಇಳಿಸಿಕೊಡುತ್ತ ಕೂತವನ ನಾಲಿಗೆಗೆ ಅಂಟಿದ ಚಟ ಅದು.

ಕ್ಯಾಮೆರಾಕ್ಕೂ ಕಂಪ್ಯೂಟರಿಗೂ ಒಂದು ತಂತಿ. ಇಲ್ಲಿ ಮೌಸ್ ಒತ್ತಿದರೆ ಅಲ್ಲಿ ಕ್ಯಾಮೆರಾದ ಹೊಟ್ಟೆಯೊಳಗೆ ಟೇಪು ತಿರುಗುತ್ತದೆ, ನಿಲ್ಲುತ್ತದೆ, ಹಿಂದಕ್ಕೋಡುತ್ತದೆ. ಈ ವಿದ್ಯೆ ಕೈವಶವಾಗಿ ಎಷ್ಟೋ ಕಾಲವಾದರೂ ಗುರುಸ್ವಾಮಿಯ ಕುತೂಹಲ ಆರಿಲ್ಲ. ಬಲಗೈ ಮೌಸಿನ ಮೇಲಿದ್ದರೆ ಎಡಗೈ ಕ್ಯಾಮೆರಾದ ಬೆನ್ನಮೇಲೆ. ಕೊಟ್ಟ ಅಪ್ಪಣೆ ತಲುಪಿತೋ ಇಲ್ಲವೋ ಎಂಬುದು ಅಂಗೈಗೇ ತಿಳಿಯಬೇಕು. ಮದುವೆಮನೆಗಳನ್ನು ಬಿಟ್ಟರೂ ಆ ಕಾಲದ ಹತ್ತಾರು ಜೇಬಿನ ಮಾಸಲು ಕೋಟನ್ನು ಬಿಟ್ಟಿಲ್ಲ.

ಒಂದು ಸಂಗತಿ ಮಾತ್ರ ಆತನನ್ನು ಕುಗ್ಗಿಸುತ್ತಿತ್ತು. ಅಂದಿನ ರಿವಾಜಿನಂತೆ ಪ್ರತಿ ಮದುವೆಯ ಟೇಪಿಗೂ ಆತ ಸಿನಿಮಾ ಹಾಡು ಕೂರಿಸಿದ್ದ. ತಮ್ಮವರ ಮಾತು ಕೇಳುವ ಆಸೆಯಿಂದ ಬಂದವರಿಗೆ ಈಗ ಕೇಳಿಸುವುದು ಬರೀ ಹಾಡು. "ನಾನೇ ಅಳಿಸ್ಬುಟ್ಟೆ ಕಣಪ್ಪ" ಎಂದು ತಲೆತಗ್ಗಿಸಿ ಕಳಿಸುತ್ತಿದ್ದ.

ಕಳೆದ ವರ್ಷ ತೆರಕಣಾಂಬಿಯ ಶಿವರುದ್ರಮ್ಮ, ಮಗಳ ಮದುವೆಯ ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೊಮ್ಮಗಳು ಶಿವಾನಿಯೊಡನೆ ಬಂದಳು. ಗಂಟಲಿನ ಆಪರೇಷನ್ ಆದಮೇಲೆ ಆಕೆಗೆ ದನಿಯಿಲ್ಲ. ಊರಿನ ಮದುವೆಗಳಿಗೆಲ್ಲ ಸೋಬಾನೆ ಹಾಡುತ್ತಿದ್ದವಳು ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಾಳೆ.

"ನಾನ್ ಉಟ್ಟೋಕ್ ಮುಂಚೇನೇ ನಮ್ಮಜ್ಜಿ ದನಿ ಓಗ್ಬುಟ್ಟಿತ್ತು ಮಾಮ. ಒಂದ್ಸಲನಾದ್ರೂ ಕೇಳ್ಬೇಕು" ಎಂದಳು ಶಿವಾನಿ.

ಇಲ್ಲವೆನ್ನಲು ಬಾಯಿ ಬರದೆ ಗುರುಸ್ವಾಮಿ ಟೇಪು ಓಡಿಸಿದ. ಹಾಡೇ ಬಂತು. ಶಿವರುದ್ರಮ್ಮ ಮೆಲ್ಲಗೆ ಎದ್ದಳು. ಏನೂ ತೋಚದೆ ಆತ ಪರದೆಯ ಮೂಲೆಯಲ್ಲಿ ಎಂದೂ ಮುಟ್ಟದಿದ್ದ ಗುಂಡಿಯೊಂದನ್ನು, ಇದೇನಿರಬಹುದೆಂಬ ಚಪಲಕ್ಕೆ, ಒತ್ತಿದ. ಹಾಡು ಥಟ್ಟನೆ ನಿಂತಿತು. ಓಲಗದ ಸದ್ದು, ಮಕ್ಕಳ ಗಲಾಟೆ, ಅದೆಲ್ಲವನ್ನೂ ಸೀಳಿಕೊಂಡು ಒಂದು ಕಂಚಿನ ಕಂಠ:

"ಏ ಗುರುಸ್ವಾಮಿ, ಅಡ್ಡ ನಿಂತ್ಕಬ್ಯಾಡ, ಸರ್ಕಳ್ಲಾ ಅತ್ಲಾಗೆ! ಮದ್ವೆಣ್ಣೇ ಕಾಣಕಿಲ್ಲ!"

ಗುರುಸ್ವಾಮಿ ಕೂತಲ್ಲೇ ಕುರ್ಚಿ ಸರಿಸಿಕೊಂಡ. ಹಿಂದೆಯೇ ಅದೇ ಕಂಠದಲ್ಲಿ ಸೋಬಾನೆ ಶುರುವಾಯಿತು. ಶಿವಾನಿ ನಗುತ್ತ ನಗುತ್ತಲೇ ಅತ್ತಳು. ಶಿವರುದ್ರಮ್ಮ ನಿಂತಲ್ಲೇ ತನ್ನ ಹಾಡಿಗೆ ತಾನೇ ತುಟಿಯಾಡಿಸುತ್ತಿದ್ದಳು.

ಆ ಬಗೆಯ ಟೇಪುಗಳಲ್ಲೆಲ್ಲ ದನಿಗೆ ಎರಡು ಹಾದಿಗಳಿದ್ದವು. ಹಾಡು ಒಂದರಲ್ಲಿ, ಮಾತು ಇನ್ನೊಂದರಲ್ಲಿ; ಆ ಗುಂಡಿ ಹಾದಿ ಬದಲಿಸಿತ್ತು. ಆತ ಅಳಿಸಿದ್ದು ಏನೂ ಇರಲಿಲ್ಲ. ಮರುದಿನ, ಹಿಂದೆ ಬರಿಗೈಯಲ್ಲಿ ಕಳಿಸಿದವರಿಗೆಲ್ಲ ಉಬ್ಬಿದ ಎದೆಯಿಂದ ಫೋನು ಮಾಡಿದ. ಕೆಲವರು ಅಂದೇ ಓಡಿಬಂದರು. ಚಂದಕವಾಡಿಯ ಚಿಕ್ಕಮಲ್ಲಪ್ಪ ಮಾತ್ರ, "ನೀನೇ ಇಲ್ಲ ಅಂದ್ಯಲ್ಲಪ್ಪ, ಕ್ಯಾಸೆಟ್ಟ ಒಲೆಗಾಕ್ಬುಟ್ಟೊ" ಎಂದ.

ಕಂಡದ್ದನ್ನೆಲ್ಲ ಬಿಚ್ಚಿ ನೋಡದೆ ಬಿಡದ ಇಂಥ ಜೀವಗಳು ನನಗೆ ಬಲು ಇಷ್ಟ. ಆದರೆ ತಪ್ಪು ತಮ್ಮದೇ ಎಂದು ಒಮ್ಮೆ ಒಪ್ಪಿಕೊಂಡರೆ ಅದನ್ನು ಮಾತ್ರ ಅವರು ಮತ್ತೆ ಮುಟ್ಟಿ ನೋಡುವುದಿಲ್ಲ. ಒಳ್ಳೆಯವರ ಕುತೂಹಲ ಅಲ್ಲಿಗೆ ನಿಂತುಬಿಡುತ್ತದೆ.