ಮಂಗನ ಕಾಯಿಲೆಯ ಎಣ್ಣೆ

ಸೊರಬದ ಬಸ್ ನಿಲ್ದಾಣದಲ್ಲಿ ಹಾರ ಬಿದ್ದದ್ದು ರಾಜಪ್ಪನ ಕೊರಳಿಗೆ. ಹೊಟ್ಟೆ ಉರಿದದ್ದು ಚಂದ್ರಶೇಖರಪ್ಪನವರಿಗೆ. ರೈತರ ಸಂಘಕ್ಕೆ ಅಧ್ಯಕ್ಷರು ಇವರು, ಭತ್ತದ ಬೆಳೆಗೆ ದೆಹಲಿಯಲ್ಲಿ ಬಹುಮಾನ ಕ್ಯಾಸನೂರಿನ ರಾಜಪ್ಪನಿಗೆ! ಸಂಘದ ಪರವಾಗಿ ಜೊತೆಗೆ ಹೊರಟರೂ ಬೆಂಗಳೂರು ಮುಟ್ಟುವವರೆಗೆ ಅವರು ಮುಖ ಕೊಟ್ಟು ಮಾತಾಡಲಿಲ್ಲ. ಇದು ತೊಂಬತ್ತರ ದಶಕದ ಮಾತು. ವಿಮಾನ ಇಬ್ಬರಿಗೂ ಹೊಸದು.

ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲಲ್ಲಿ ಚಂದ್ರಶೇಖರಪ್ಪ ಕಾಲಿಟ್ಟೊಡನೆ ಯಂತ್ರ ಕೂಗಿತು. ಅಂಗಿಯೊಳಗಿನಿಂದ ಬೆಳ್ಳಿಯ ಕರಡಿಗೆ ತೆಗೆದು ತೋರಿಸಿದರು.

"ಲಿಂಗವಾ? ಹೋಗಿ ಸ್ವಾಮಿ," ಎಂದು ಪೊಲೀಸಿನವನು ಕೈಮುಗಿದ. ಸಫಾರಿಯ ಜೇಬು ಮುಟ್ಟಲೂ ಇಲ್ಲ.

ಪಂಚೆಯುಟ್ಟ ರಾಜಪ್ಪನ ಚೀಲವನ್ನು ಮಾತ್ರ ಮೇಜಿನ ಮೇಲೆ ಸುರಿದ. ಬಟ್ಟೆಗಳ ನಡುವೆ ಒಂದು ಎಣ್ಣೆ ಸೀಸೆ ಸಿಕ್ಕಿತು.

"ಏನಿದು?"

"ಮಂಗನ ಕಾಯಿಲೆಗೆ ರೀ. ಕೈಕಾಲಿಗೆ ಹಚ್ಕಳದು."

"ಯಾರಿಗೆ ಮಂಗ ಅಂತೀಯೋ?"

"ಅಯ್ಯೋ, ಅಲ್ಲ ರೀ! ಕಾಡಿನ ಉಣ್ಣೆ ಕಚ್ಚಿದ್ರೆ ಜ್ವರ ಬರ್ತದೆ, ಅದ್ಕೆ..."

"ದೆಹಲಿಯಲ್ಲಿ ಕಾಡಿದೆಯಾ? ಪಕ್ಕಕ್ಕೆ ನಿಲ್ಲು. ಸಾಹೇಬರು ಬರಲಿ."

"ಅಧ್ಯಕ್ಷರೇ, ನೀವಾದ್ರೂ ಹೇಳ್ರಿ!"

ಸೊರಬದ ಕಡೆ ಆ ಎಣ್ಣೆ ಮಕ್ಕಳಿಗೂ ಗೊತ್ತು. ಒಂದು ಮಾತು ಸಾಕಿತ್ತು. ಆದರೆ ರಾಜಪ್ಪ ಇಲ್ಲೇ ಉಳಿದರೆ ವೇದಿಕೆ ಹತ್ತಿ ಬಹುಮಾನ ತೆಗೆದುಕೊಳ್ಳುವವರು ಯಾರು? ತಾವೇ ಅಲ್ಲವೇ! ಚಂದ್ರಶೇಖರಪ್ಪ ಕೇಳಿಸದವರಂತೆ ಹೋಗಿ ಕುರ್ಚಿಯಲ್ಲಿ ಕುಳಿತರು.

ಅಭ್ಯಾಸಬಲದಿಂದ ಅಡಿಕೆಗೆಂದು ಜೇಬಿಗೆ ಕೈಹಾಕಿದರೆ ಸಿಕ್ಕಿದ್ದು ಅಡಕತ್ತರಿ. ಅಂಗೈಯುದ್ದದ ಅಲಗು! ಇದನ್ನು ಬಿಟ್ಟು ಅವನ ಎಣ್ಣೆ ಹಿಡಿದರಲ್ಲ ಎಂದು ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ಪೊಲೀಸಿನವನಿಗಾದರೂ ಗೊತ್ತಿರಲಿಲ್ಲ, ತಮಗೆ ಎಲ್ಲ ಗೊತ್ತಿತ್ತು. ಅಷ್ಟರಲ್ಲಿ ದೆಹಲಿ ವಿಮಾನದ ಕೊನೆಯ ಕರೆ ಬಂತು.

ಅವರು ಹಿಂದಿರುಗಿ ಅಡಕತ್ತರಿಯನ್ನು ಮೇಜಿನ ಮೇಲಿಟ್ಟರು.

"ಇದು ನನ್ನ ಜೇಬಲ್ಲಿತ್ತು ಸಾರ್. ಲಿಂಗ ನೋಡಿ ಬಿಟ್ರಿ, ಪಂಚೆ ನೋಡಿ ಹಿಡಿದ್ರಿ. ಆ ಎಣ್ಣೆ ನಮ್ಮ ಕಡೆ ಆಸ್ಪತ್ರೆಯಲ್ಲೇ ಕೊಡ್ತಾರೆ. ಇವ್ರು ನಮ್ಮೂರ ಕಡೆಯವ್ರು, ನನ್ನ ಜೊತೆ ಬಂದವ್ರು."

ಪೊಲೀಸಿನವನ ಮುಖ ಕೆಂಪಾಯಿತು. ಸೀಸೆಯನ್ನು ಮೂಸಿ ನೋಡಿ ಹಿಂದಿರುಗಿಸಿದ. ಈ ಸಲ ಚಂದ್ರಶೇಖರಪ್ಪ ಎರಡೂ ಕೈ ಎತ್ತಿ ನಿಂತರು. ಅವನು ತಲೆಯಿಂದ ಕಾಲಿನವರೆಗೆ ತಡಕಿದ.

ವಿಮಾನದಲ್ಲಿ ಕಿಟಕಿಯ ಸೀಟೂ ರಾಜಪ್ಪನಿಗೇ ಸಿಕ್ಕಿತ್ತು. ಚಂದ್ರಶೇಖರಪ್ಪನವರ ಹೊಟ್ಟೆಯುರಿ ಪೂರ್ತಿ ಆರಿರಲಿಲ್ಲ.

"ನಿಮ್ಮ ಕತ್ತರಿ ಹೋತಲ್ರೀ," ಎನ್ನುತ್ತ ರಾಜಪ್ಪ ಒಂದು ಅಡಿಕೆಯನ್ನು ಹಲ್ಲಿನಲ್ಲೇ ಎರಡಾಗಿ ಕಡಿದ. ಅರ್ಧ ಹೋಳು ಕೊಡಲು ಹೋಗಿ, ಎಂಜಲೆಂದು ಕೈ ಹಿಂದಕ್ಕೆಳೆದ.

ಚಂದ್ರಶೇಖರಪ್ಪ ಅಂಗೈ ಚಾಚಿದರು. "ಕೊಡೋ ಮಾರಾಯ," ಎಂದು ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.