ಎಲೆಯ ಗುರುತು

ಮಂಚದ ಕೆಳಗೆ ಸೊಂಟದವರೆಗೆ ತೂರಿಕೊಂಡು ಅವಳು ಅಪ್ಪನ ಚೀಲ ತಡಕುತ್ತಿದ್ದಳು. ಟಾರ್ಚು ಸಿಕ್ಕಿತು. ಪುಟ್ಟ ಸುತ್ತಿಗೆ, ಹಿಡಿಯಿದ್ದ ಕನ್ನಡಿ, ಒಣಗಿ ಸೆಟೆದುಕೊಂಡ ಕೈಗವಸುಗಳು ಸಿಕ್ಕಿದವು. ಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು.

"ಅಪ್ಪನ್ನ ಮುಂದಿನ ಕೋಣೇಲಿ ಮಲಗಿಸಿದಾರೆ, ಮಗಳ ಕಾಲು ಮಂಚದ ಕೆಳಗಿಂದ ಕಾಣ್ತಿದೆ. ಬಂದೋರು ಏನಂದ್ಕೋಬೇಕು?" ಬಾಗಿಲಲ್ಲಿ ದೊಡ್ಡಮ್ಮನ ದನಿ. "ಎದ್ದು ಬಾರೇ. ಅಮ್ಮನ ಪಕ್ಕ ಕೂತ್ಕೋ."

"ಪಂಚ್ ಕಾಣ್ತಿಲ್ಲ ದೊಡ್ಡಮ್ಮ."

"ಎಂಥದ್ದು?"

"ಅಪ್ಪನ ಪಂಚ್. ಎಲೆ ಗುರುತಿಂದು."

"ತಂದೆ ಹೋದ ದಿನ ಕಬ್ಬಿಣದ ತುಂಡು ಹುಡುಕ್ತಾ ಬಿದ್ದಿದ್ದಾಳೆ, ನೋಡಪ್ಪ" ಎಂದು ದೊಡ್ಡಮ್ಮ ಗೋಡೆಗೆ ಹೇಳಿ ಹೋದಳು.

ಕೂದಲಿಗೆ ಮೆತ್ತಿದ ಧೂಳು ಕೊಡವಿಕೊಳ್ಳುತ್ತ ಅವಳು ಹೊರಗೆ ಬಂದಳು. ಮಂಚದ ತಲೆಯ ಬಳಿ ಆಮ್ಲಜನಕದ ಸಿಲಿಂಡರ್ ಇನ್ನೂ ನಿಂತೇ ಇತ್ತು, ಕೆಲಸ ಮುಗಿಯಿತೆಂದು ಯಾರೂ ಹೇಳದ ಕಾವಲುಗಾರನ ಹಾಗೆ.

ಅಪ್ಪ ಟ್ಯಾಂಕರ್ ಪರೀಕ್ಷಕ. ಆಸಿಡ್ಡು, ಪೆಟ್ರೋಲು, ಮೂಗಿಗೆ ಬಡಿದರೆ ಪ್ರಾಣ ತೆಗೆಯುವ ಇನ್ನೂ ಏನೇನೋ ಹೊತ್ತು ರಸ್ತೆಯ ಮೇಲೆ ಓಡುವ ಟ್ಯಾಂಕುಗಳನ್ನು ಕಾಲಕಾಲಕ್ಕೆ ಯಾರ್ಡಿಗೆ ತರಬೇಕೆಂಬುದು ನಿಯಮ. ಅಲ್ಲಿ ಅವುಗಳ ಹೊಟ್ಟೆ ತೊಳೆದು, ಗಾಳಿ ಊದಿ, ಒಳಗೆ ಮನುಷ್ಯ ಇಳಿದು ತಗಡನ್ನೆಲ್ಲ ತಟ್ಟಿ ನೋಡಬೇಕು. ಆಮೇಲೆ ನೀರು ತುಂಬಿಸಿ ಒತ್ತಡ ಕೊಟ್ಟು, ಮಾಪಕದ ಮುಳ್ಳು ಇಳಿಯುತ್ತದೋ ನಿಲ್ಲುತ್ತದೋ ಎಂದು ಕಾಯಬೇಕು. ಮುಳ್ಳು ನಿಂತರೆ, ಟ್ಯಾಂಕಿನ ಪಕ್ಕೆಯಲ್ಲಿರುವ ಉಕ್ಕಿನ ಫಲಕದ ಮೇಲೆ ಆ ತಿಂಗಳು, ಆ ವರ್ಷ, ಪಕ್ಕದಲ್ಲಿ ಪಂಚ್ ಎಂಬ ಉಕ್ಕಿನ ಅಚ್ಚಿನಿಂದ ಪರೀಕ್ಷಕನ ಗುರುತು ಬೀಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಗುರುತು. ಅಪ್ಪನದು ಉಗುರಿಗಿಂತ ಚಿಕ್ಕ ಎಲೆ. ಕೆಲಸ ಬಿಟ್ಟ ದಿನ ಆ ಪಂಚಿನ ಮುಖವನ್ನು ನಾಲ್ಕು ಜನರ ಎದುರು ಅರದಿಂದ ಉಜ್ಜಿ ಅಳಿಸಿಬಿಡುವುದು ಯಾರ್ಡಿನ ಪದ್ಧತಿ. ಆಳಿಲ್ಲದ ಮೇಲೆ ಆಳಿನ ಗುರುತು ಇನ್ನೊಬ್ಬರ ಕೈಗೆ ಸಿಗಬಾರದು.

ಅಪ್ಪ ಕೆಲಸ ಬಿಟ್ಟಿರಲಿಲ್ಲ. ಹಲವು ತಿಂಗಳಿಂದ ಹಾಸಿಗೆ ಹಿಡಿದಿದ್ದ, ಅಷ್ಟೇ. ಅದಕ್ಕೇ ಎಲೆ ಉಳಿದಿತ್ತು. ಅವನು ಮಗಳ ಹತ್ತಿರ ಕೇಳಿದ್ದು ಅದೊಂದನ್ನೇ: ನನ್ನನ್ನು ಮನೆಯಿಂದ ಎತ್ತುವ ಮೊದಲು ಅದನ್ನು ಉಜ್ಜಿಸು.

ಕಿಟಕಿಯಾಚೆ ಅಂಗಳದಲ್ಲಿ ಡ್ರೈವರುಗಳು ಗುಂಪುಗೂಡಿದ್ದರು. ಸಾವಿನ ಮನೆಗೆ ತಕ್ಕಷ್ಟು ದನಿ ತಗ್ಗಿಸಿದ್ದರೂ ಮಾತು ಒಳಗೆ ಕೇಳುತ್ತಿತ್ತು.

"ಒಂದು ವಾಷರ್ ಬಿರುಕು ಬಿಟ್ಟಿದೆ ಅಂತ ನನ್ನ ಗಾಡಿ ವಾಪಸ್ ಕಳಿಸಿದ್ನಲ್ಲಯ್ಯ ಈ ಪುಣ್ಯಾತ್ಮ."

"ನಿಂದು ವಾಷರ್. ನಂದು ಮುಚ್ಚಳದ ಬೋಲ್ಟು. ಕಾಲು ಹಿಡ್ಕೊಂಡೆ. ಬೋಲ್ಟು ಹಿಡ್ಕೊ ಹೋಗು ಅಂದ."

"ಮೇಲೆ ಹೋದ್ಮೇಲೂ ಬಿಡಲ್ಲ ಬಿಡು. ಬಾಗಿಲಲ್ಲೇ ನಿಂತು ಮುಚ್ಚಳ ತೆಗೀರಿ, ಟಾರ್ಚ್ ಬಿಟ್ಟು ನೋಡ್ದೆ ನಾನು ಒಳಗೆ ಬರಲ್ಲ ಅಂತಾನೆ."

ಸಣ್ಣಗೆ ನಕ್ಕರು. ಆಮೇಲೆ ಒಬ್ಬ ಮೂಗು ಸೀಟಿಕೊಂಡ.

*

ಅಜ್ಜಿ ಬದುಕಿದ್ದಾಗ ಆ ಕೆಲಸವನ್ನೇ ಕತೆ ಮಾಡಿ ಹೇಳುತ್ತಿದ್ದಳು. ರಸ್ತೆಯಲ್ಲಿ ಓಡಾಡೋ ದೈತ್ಯರಿದ್ದಾರೆ ಮಗೂ, ಅವರ ಹೊಟ್ಟೆ ತುಂಬ ಬೆಂಕಿ. ಹೊಟ್ಟೆ ತೂತಾದ್ರೆ ಊರು ಹೋಯ್ತು. ಅದಕ್ಕೆ ನಿಮ್ಮಪ್ಪ ಅವರ ಬಾಯೊಳಗೆ ಇಳಿದು, ಪಕ್ಕೆಲುಬು ತಟ್ಟಿ ನೋಡಿ, ವಾಪಸ್ ಬರ್ತಾನೆ.

"ಬಾಯಿ ಮುಚ್ಕೊಂಡ್ಬಿಟ್ರೆ?"

"ಅದಕ್ಕೇ ಹಗ್ಗ ಇರೋದು."

ಹಗ್ಗ ನಿಜವಾಗಿಯೂ ಇತ್ತು. ಶಾಲೆಗೆ ರಜೆ ಬಂದರೆ ಅಪ್ಪನಿಗೆ ಊಟದ ಡಬ್ಬಿ ಒಯ್ಯುವ ಕೆಲಸ ಅವಳದು. ಟ್ಯಾಂಕಿನ ನೆತ್ತಿಯ ದುಂಡು ಬಾಯೊಳಗೆ ಅಪ್ಪ ಮೊದಲು ಕಾಲು ಇಳಿಬಿಡುತ್ತಿದ್ದ, ಆಮೇಲೆ ಸೊಂಟ, ಭುಜ, ಕೊನೆಗೆ ತಲೆ. ಸೊಂಟದ ಹಗ್ಗದ ಇನ್ನೊಂದು ತುದಿ ಮೇಲೆ ಕೂತವನ ಕೈಯಲ್ಲಿ. ವರ್ಷಗಟ್ಟಲೆ ಕೂತವನು ಒಬ್ಬನೇ ಆದ್ದರಿಂದ ಮನೆಯಲ್ಲಿ ಅವನಿಗೆ ಹಗ್ಗದ ಮಾಮ ಅಂತಲೇ ಹೆಸರು. ಒಂದು ಸಲ ಮಾಮ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುದಿಯನ್ನು ಅವಳ ಅಂಗೈಗೆ ಸುತ್ತಿದ್ದ.

"ಒಂದು ಸಲ ಜಗ್ಗಿದ್ರೆ, ಇದ್ದೀನಿ ಅಂತ. ಎರಡು ಸಲ ಜಗ್ಗಿದ್ರೆ, ಎಳ್ಕೋ ಅಂತ. ಆಗ ಯೋಚ್ನೆ ಮಾಡ್ತಾ ಕೂರಬಾರದು ಪುಟ್ಟಿ."

ಒಳಗಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಠಣ್. ಠಣ್. ಠಣ್. ಒಂದು ಕಡೆ ಮಾತ್ರ ಸದ್ದು ಸತ್ತು ಡಬ್ ಎಂದಿತು. ಅಪ್ಪ ಅಲ್ಲೇ ಮತ್ತೆ ಮತ್ತೆ ತಟ್ಟಿದ. ಹಗ್ಗ ಒಮ್ಮೆ ಜಗ್ಗಿತು. ಅವಳ ಮೈಯೆಲ್ಲ ಜುಮ್ಮೆಂದಿತು.

ಹೊರಗೆ ಬಂದು ಅಪ್ಪ ಪಂಚ್ ತೆಗೆಯಲಿಲ್ಲ. ಗಾಡಿಯ ಮಾಲೀಕ ಬಾಯಿಗೆ ಬಂದಂತೆ ಬೈದು ಹೋದ. ಅಪ್ಪ ಡಬ್ಬಿ ಬಿಚ್ಚಿ ಊಟಕ್ಕೆ ಕೂತ.

"ಒಂದೇ ಒಂದು ಎಲೆ ತಾನೇ. ಹೊಡೆದುಬಿಡಬಾರದಿತ್ತಾ ಅಪ್ಪ?"

ಅಪ್ಪ ತುತ್ತು ನುಂಗಿದ. "ನಾನು ಒಳಗೆ ಹೋಗಿ ನೋಡಿದೀನಿ, ಚೆನ್ನಾಗಿದೆ ಅಂತ ಆ ಎಲೆ ಹೇಳುತ್ತೆ. ಹಾಗೇ ಹೊಡೆದ್ರೆ ಯಾರದೋ ಹೆಣಕ್ಕೆ ಮುಂಗಡ ಕೊಟ್ಟ ಹಾಗೆ."

*

"ಇದನ್ನಾ ಹುಡುಕ್ತಿದ್ದದ್ದು?"

ಅಣ್ಣ ಪ್ಯಾಂಟಿನ ಜೇಬಿನಿಂದ ಹೊಸ ಬಟ್ಟೆಯ ತುಂಡೊಂದನ್ನು ತೆಗೆದ. ಒಳಗೆ ಪಂಚ್ ಇತ್ತು. ಎಣ್ಣೆ ಹಚ್ಚಿದ್ದರಿಂದ ಮಿರಿಮಿರಿ ಹೊಳೆಯುತ್ತಿತ್ತು.

"ನಿನ್ನ ಹತ್ತಿರ ಹೇಗೆ ಬಂತು?"

"ಮನೆ ತುಂಬ ಜನ. ಕಳೆದುಹೋಗಬಾರದು ಅಂತ ತೆಗೆದಿಟ್ಟಿದ್ದೆ." ಅಣ್ಣ ಈಗ ಯಾರ್ಡಿನ ಮ್ಯಾನೇಜರು. ಅಪ್ಪ ಮಲಗಿದ ಮೇಲೆ ಯಜಮಾನರು ಕರೆದು ಕೊಟ್ಟ ಕುರ್ಚಿ. "ಯಜಮಾನರು ಕೇಳ್ತಿದ್ರು. ಆಫೀಸಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ, ನೆನಪಿಗೆ."

"ಉಜ್ಜಿಸಬೇಕು. ಅಪ್ಪ ಹೇಳಿದಾನೆ. ನೀನೂ ಅಲ್ಲೇ ಕೂತಿದ್ದೆ."

"ಇವತ್ತೇ ಆಗಬೇಕಾ?"

"ಎತ್ತೋಕೆ ಮೊದಲು ಅಂದಿದಾನೆ. ಆಗದೆ ಇದ್ರೆ ಎತ್ತೋಕೆ ಬಿಡಲ್ಲ."

ಮುಂದಿನ ಕೋಣೆಯಲ್ಲಿ ಪಿಸುಮಾತು ನಿಂತಿತು. ಅಮ್ಮ ಶವಪೆಟ್ಟಿಗೆಯ ಪಕ್ಕದಿಂದಲೇ, ತಲೆ ಎತ್ತದೆ ಹೇಳಿದಳು: "ಆ ಎಲೆ ನಿಮ್ಮಪ್ಪನಿಗೆ ಏನು ಕೊಡ್ತು ಅಂತ ಹೀಗೆ ಆಡ್ತೀಯ? ಶ್ವಾಸಕೋಶ ತಿಂತು. ಯಾರೂ ಮಾತಾಡಿಸದ ಹಾಗೆ ಮಾಡ್ತು. ಇನ್ನೇನು ಕೊಡ್ತು?"

ಮಗಳು ಅಣ್ಣನ ಕೈಯಿಂದ ಪಂಚ್ ತೆಗೆದುಕೊಂಡಳು. ಹಿಡಿದ ಕೈಯನ್ನು ಮತ್ತೆ ಬಿಚ್ಚಲಿಲ್ಲ.

ಅಷ್ಟು ಹೊತ್ತಿಗೆ ಯಜಮಾನರೇ ಬಂದರು. ಬಿಳಿ ಬಟ್ಟೆ, ಹಿಂದೆ ಆಳೆತ್ತರದ ಹೂವಿನ ಚಕ್ರ. ವಿಷಯ ಕಿವಿಗೆ ಬಿದ್ದದ್ದೇ ಕೈ ಎತ್ತಿ, "ಆಗಲಿ, ಆಗಲಿ. ಹಿರಿಯರ ಮಾತು ನಡೀಬೇಕು. ಉಜ್ಜಿಸಿಬಿಡಿ" ಎಂದರು. ಅಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವಳು ಎಣಿಸಿರಲಿಲ್ಲ. ಬಾಗಿಲು ಒಡೆಯಲು ಓಡಿಬಂದವಳಿಗೆ ಅದು ತೆರೆದೇ ಇದ್ದು ಮುಗ್ಗರಿಸಿದಂತಾಯಿತು.

ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಗ್ಗದ ಮಾಮ ಅರ ಹಿಡಿದು ಕೂತ. ಸುತ್ತ ನಾಲ್ಕಾರು ಜನ ನಿಂತರು. ಮಾಮ ಪಂಚಿನ ಮುಖವನ್ನು ಬೆಳಕಿಗೆ ಹಿಡಿದು ನೋಡಿದ, ಹೆಬ್ಬೆರಳಿಂದ ಸವರಿ ಮತ್ತೆ ನೋಡಿದ. ಆಮೇಲೆ ಅಣ್ಣನನ್ನು ನೋಡಿದ.

"ಒಂಚೂರೂ ತುಕ್ಕಿಲ್ಲ" ಎಂದ.

"ಉಜ್ಜು ಮಾಮ, ಹೊತ್ತಾಯ್ತು" ಎಂದ ಅಣ್ಣ.

ಕರಕರ ಸದ್ದು. ಮೊದಲು ಎಲೆಯ ತುದಿ ಹೋಯಿತು, ಆಮೇಲೆ ನಡುವಿನ ನರ, ಕೊನೆಗೆ ತೊಟ್ಟು. ಕಲ್ಲಿನ ಮೇಲೆ ಬೂದಿಯಂಥ ಉಕ್ಕಿನ ಪುಡಿ ಉಳಿಯಿತು. ಮಾಮ ಅದನ್ನು ಊದಲಿಲ್ಲ, ಒರೆಸಲೂ ಇಲ್ಲ.

"ಯಾರ್ಡಲ್ಲಿ ಹೇಗಿದೆ ಮಾಮ ಈಗ?"

"ನನ್ನ ಹಗ್ಗಕ್ಕಂತೂ ಕೆಲಸ ಇಲ್ಲ ಪುಟ್ಟಿ. ನಿಮ್ಮಪ್ಪ ಮಲಗಿದಾಗಿಂದ ಮೊಳೆಗೆ ನೇತು ಹಾಕಿದೀನಿ."

ಮುಖ ಸವೆದ ಪಂಚನ್ನು ಅವಳು ಅಪ್ಪನ ಶರ್ಟಿನ ಜೇಬಿಗೆ ಹಾಕಿದಳು. ತೆಳ್ಳಗಾಗಿದ್ದ ಎದೆಯ ಮೇಲೆ ಜೇಬು ಭಾರವಾಗಿ ಒಂದು ಬದಿಗೆ ಜೋತಿತು. ಕೇಳಿದ್ದು ಒಂದೇ, ಅದು ಆಯಿತಲ್ಲ ಎಂದುಕೊಂಡಳು. ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು.

*

ಕೊನೆಯ ದಿನಗಳಲ್ಲಿ ಅಪ್ಪನಿಗೆ ಮಾತಿಗಿಂತ ಉಸಿರೇ ದುಬಾರಿಯಾಗಿತ್ತು. ಸಿಲಿಂಡರ್ ಖಾಲಿಯಾಗುವ ಮೊದಲೇ ಯಾರ್ಡಿನಿಂದ ಇನ್ನೊಂದು ಬರುತ್ತಿತ್ತು. ಯಜಮಾನರು ದೊಡ್ಡ ಮನಸ್ಸಿನವರು ಎಂದು ಅಣ್ಣ ಪ್ರತಿಸಲ ಹೇಳುತ್ತಿದ್ದ. ಅಪ್ಪ ಮಾತ್ರ ಪ್ರತಿಸಲ ಕಣ್ಣಲ್ಲೇ ಮಗಳನ್ನು ಕರೆದು ಸಿಲಿಂಡರಿನ ಕತ್ತಿನ ಮೇಲೆ ಕೊರೆದ ತಾರೀಕು ತೋರಿಸುತ್ತಿದ್ದ.

"ಟೆಸ್ಟ್ ಯಾವಾಗ ಆಗಿದೆ ನೋಡು."

"ಆಗಿದೆ ಅಪ್ಪ. ಸರಿಯಾಗೇ ಇದೆ. ನೀನು ಮೊದಲು ಉಸಿರಾಡು."

"ಓದು."

ಅವಳು ಬಗ್ಗಿ ಓದಿ ಹೇಳಿದ ಮೇಲೆಯೇ ಮುಖಕ್ಕೆ ಮಾಸ್ಕ್ ಹಾಕಿಸಿಕೊಳ್ಳುತ್ತಿದ್ದ. ಎಲೆ ಉಜ್ಜಿಸು ಎಂದದ್ದೂ ಹಾಗೊಂದು ಮಧ್ಯಾಹ್ನವೇ. ಕಾಲ ಬಳಿ ಕೂತು ಕಿತ್ತಳೆ ಸುಲಿಯುತ್ತಿದ್ದ ಅಣ್ಣ, "ಆಯ್ತಪ್ಪ, ಆಯ್ತು" ಎಂದಿದ್ದ. ಸಿಪ್ಪೆಯನ್ನು ಎಲ್ಲೂ ಹರಿಯದ ಹಾಗೆ ಒಂದೇ ಸುರುಳಿಯಾಗಿ ಬಿಡಿಸುತ್ತಿದ್ದ.

ಮಾತು ಪೂರ್ತಿ ನಿಂತ ಮೇಲೆ ಅಪ್ಪ ಹೊದಿಕೆಯ ಅಂಚು ಹಿಡಿದು ಒಮ್ಮೆ ಜಗ್ಗುತ್ತಿದ್ದ. ಇನ್ನೊಂದು ಅಂಚು ಅವಳ ಕೈಯಲ್ಲಿರುತ್ತಿತ್ತು. ಇದ್ದೀನಿ.

*

ಪೆಟ್ಟಿಗೆ ಸಾಗಿಸಲು ಯಜಮಾನರು ಯಾರ್ಡಿನ ತೆರೆದ ಲಾರಿಯನ್ನೇ ಕಳಿಸಿದ್ದರು. ತಾವು ಕಾರಿನಲ್ಲಿ ಮುಂದೆ ಹೋದರು. ಲಾರಿಯ ಒಂದು ಬದಿಯ ಕೊಂಡಿ ಮುರಿದಿತ್ತು. ಹಗ್ಗದ ಮಾಮ ತನ್ನ ಹಳೆಯ ಹಗ್ಗದಿಂದ ಪೆಟ್ಟಿಗೆ ಬಿಗಿದು, ಕಟ್ಟಲು ಜಾಗವಿಲ್ಲದೆ ಉಳಿದ ತುದಿಯನ್ನು ಅವಳ ಅಂಗೈಗೆ ಸುತ್ತಿದ.

"ಇಷ್ಟು ವರ್ಷ ನಾನು ಹಿಡಿದೆ. ಸ್ಮಶಾನದ ತನಕ ನೀನು ಹಿಡಿ" ಎಂದು ಇಳಿದು, ಹಿಂದಿನಿಂದ ನಡೆಯುವವರ ಜೊತೆ ಸೇರಿಕೊಂಡ.

ಪೆಟ್ಟಿಗೆಯ ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ಅಣ್ಣ. ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಲಾರಿ ನಿಂತಿತು. ಅದೇ ಹೊತ್ತಿಗೆ ಉಸ್ಸೆಂದು ಬ್ರೇಕ್ ಹಾಕಿ ಟ್ಯಾಂಕರ್ ಒಂದು ಪಕ್ಕಕ್ಕೆ ಬಂದು ನಿಂತಿತು. ಒಂದು ಬದಿ ಶಾಲೆಯ ಗೋಡೆ, ಇನ್ನೊಂದು ಬದಿ ಬ್ರೆಡ್ಡಿನ ಅಂಗಡಿ; ನಡುವೆ ಆಸಿಡ್ ತುಂಬಿದ ಆ ಉದ್ದನೆಯ ಹೊಟ್ಟೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.

ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಪೆಟ್ಟಿಗೆ ಕಂಡು ಟೋಪಿ ತೆಗೆದ. "ಯಾರಮ್ಮ ಹೋಗಿದ್ದು?"

"ನಮ್ಮಪ್ಪ. ಯಾರ್ಡಲ್ಲಿ ಟ್ಯಾಂಕ್ ಪರೀಕ್ಷೆ ಮಾಡ್ತಿದ್ದೋರು."

"ಎಲೆಯಣ್ಣನಾ? ಅಯ್ಯೋ." ಅವನು ನಿಜವಾಗಿ ನೊಂದುಕೊಂಡ. "ಬೈಸ್ಕೊಂಡಿದೀನಿ ತಾಯಿ ಅವರ ಹತ್ತಿರ, ಹೊಟ್ಟೆ ತುಂಬ. ಆದ್ರೂ ಅವರ ಎಲೆ ಬಿದ್ದಿದೆ ಅಂದ್ರೆ ಕಣ್ಣು ಮುಚ್ಕೊಂಡು ಓಡಿಸಬಹುದು. ಇಗೋ, ಮೊನ್ನೆ ತಾನೇ ಇದಕ್ಕೂ ಬಿತ್ತಲ್ಲ."

ಅವಳು ತಿರುಗಿ ನೋಡಿದಳು. ಅವಳ ಮುಖದ ನೇರಕ್ಕೇ ಉಕ್ಕಿನ ಫಲಕ. ಹಳೆಯ ತಿಂಗಳುಗಳು, ಹಳೆಯ ವರ್ಷಗಳು, ಪ್ರತಿಯೊಂದರ ಪಕ್ಕ ಬಣ್ಣ ಕುಡಿದು ಕಪ್ಪಾದ ಒಂದೊಂದು ಎಲೆ. ಕಟ್ಟಕಡೆಯ ಸಾಲು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಈ ವರ್ಷ. ಈ ತಿಂಗಳು. ಎಲೆ.

ಅವಳು ಹೆಬ್ಬೆರಳು ಚಾಚಿ ಮುಟ್ಟಿದಳು. ಎದ್ದು ನಿಂತಿದ್ದ ಹೊಸ ಅಂಚು ಚರ್ಮಕ್ಕೆ ಚುಚ್ಚಿತು.

"ಅಣ್ಣ."

ಅಣ್ಣ ಸಿಗ್ನಲ್ಲಿನ ಕೆಂಪು ದೀಪ ನೋಡುತ್ತಿದ್ದ.

"ಅಣ್ಣ, ಇದರೊಳಗೆ ಇಳಿದದ್ದು ಯಾರು?"

"ಈಗ ಬೇಡ."

"ಯಾರು ಇಳಿದ್ರು?"

"ಅಪ್ಪನಿಗೆ ಸಿಲಿಂಡರ್ ಎಲ್ಲಿಂದ ಬರ್ತಿತ್ತು ಅಂದ್ಕೊಂಡಿದ್ದೆ ನೀನು?" ಅಣ್ಣನ ದನಿ ಒಡೆಯಿತು, ಆದರೆ ಏರಲಿಲ್ಲ. "ನೀನು ಕೂತ್ಕೊಂಡು ತಾರೀಕು ಓದ್ತಿದ್ದೆ. ನಾನು ತಂದ್ಹಾಕ್ತಿದ್ದೆ."

ಅವಳು ಅಮ್ಮನ ಕಡೆ ನೋಡಿದಳು. ಅಮ್ಮ ಪೆಟ್ಟಿಗೆಯ ಮೇಲಿನ ಹೂವೊಂದನ್ನು ಸರಿಪಡಿಸುತ್ತಿದ್ದಳು, ಅದು ಸರಿಯಾಗಿಯೇ ಇತ್ತು.

ದೀಪ ಹಸಿರಾಯಿತು. ಡ್ರೈವರ್ ಎದೆಗೆ ಟೋಪಿ ಒತ್ತಿ ತಲೆ ಬಾಗಿಸಿ, ಗಾಡಿ ಮುಂದಕ್ಕೆ ಬಿಟ್ಟ. ಹೊಳೆಯುವ ಎಲೆ ಅವಳ ಬೆರಳ ಕೆಳಗಿನಿಂದ ಜಾರಿಕೊಂಡು ಶಾಲೆಯ ಗೋಡೆ ದಾಟಿ ಹೋಯಿತು. ಲಾರಿ ಮುಗ್ಗರಿಸಿ ಹೊರಟಿತು. ಪೆಟ್ಟಿಗೆ ಹಿಂದಕ್ಕೆ ಸರಿಯಿತು, ಅಂಗೈಗೆ ಸುತ್ತಿದ ಹಗ್ಗ ಒಮ್ಮೆ ಜಗ್ಗಿತು.

ಲಾರಿಯ ಡ್ರೈವರ್ ಗೇರ್ ಬದಲಿಸಿದ. ಹಗ್ಗ ಇನ್ನೊಮ್ಮೆ ಜಗ್ಗಿತು.